ಮಾತು ಮುಗಿಯುವ ತನಕ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ರೇಡಿಯೊ ಅಂತ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಇವಳು ಉತ್ತರ ಕೊಟ್ಟು ಕೂತಿರುತ್ತಿದ್ದಳು.

ವರ್ಷದ ಶುರುವಿಗೆ ಸೇವಾ ಸಂಘದ ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು: "ಈ ವರ್ಷ ನಿನ್ನ ಗುರಿ ಏನು?"

"ಚರ್ಚೆಯಲ್ಲಿ ಮೊದಲ ಬಹುಮಾನ, ಸಾರ್," ಎಂದಳು ಥಟ್ಟನೆ.

"ಅದು ಕಪಾಟು ಸೇರೋ ಗುರಿಯಾಯ್ತಮ್ಮ. ನಿನ್ನಲ್ಲಿ ಏನು ಬದಲಾಗಬೇಕು, ಅದನ್ನ ಹೇಳು."

"ಹಾಗಾದ್ರೆ ಎರಡು ಬಹುಮಾನ, ಸಾರ್!" ಎಂದಿತು ರೇಡಿಯೊ. ಮೇಷ್ಟ್ರು ನಕ್ಕರು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರು ಮತ್ತೆ ಮಾತು ಕಲಿಯುವ ಕೇಂದ್ರಕ್ಕೆ ಅವಳನ್ನು ಕಳಿಸಿದರು, ಪ್ರತಿ ಶನಿವಾರ.

ಅಲ್ಲಿ ಅವಳ ಪಾಲಿಗೆ ಬಂದವರು ಒಬ್ಬ ಮುದುಕರು, ಬಸ್ ಕಂಡಕ್ಟರ್ ಆಗಿದ್ದವರು. ಒಂದು ಕಾಲದಲ್ಲಿ ತುಂಬಿದ ಬಸ್ಸನ್ನು ಒಂದೇ ಕೂಗಿಗೆ ಹಿಂದೆ ಸರಿಸುತ್ತಿದ್ದರಂತೆ. ಈಗ ಒಂದು ಅಕ್ಷರಕ್ಕೂ ತಿಣುಕಾಟ. ಅವರು ಬಾಯಿ ತೆರೆದರೆ ಸಾಕು, ಇವಳು ಶುರು: "ನೀರಾ ತಾತ? ಫ್ಯಾನ್ ಹಾಕ್ಲಾ? ಕಾಲು ನೋವಾ?" ಎಷ್ಟೊಂದು ಸಹಾಯ ಮಾಡುತ್ತಿದ್ದೇನೆ ಎಂಬ ಹಿಗ್ಗು ಬೇರೆ. ಕೆಲವು ವಾರ ಸಹಿಸಿಕೊಂಡ ತಾತ ಒಂದು ದಿನ ಪ್ಲಾಸ್ಟಿಕ್ ಲೋಟ ಎತ್ತಿ ಗೋಡೆಗೆ ಬೀಸಿದರು.

ಹೊರಗೆ ಬಂದು ಮೂಗೊರೆಸಿಕೊಳ್ಳುತ್ತಿದ್ದವಳ ಪಕ್ಕಕ್ಕೆ, ಅಲ್ಲಿ ಮಾತು ಕಲಿಸುವ ಅಕ್ಕ ಬಂದು ನಿಂತರು. "ಅವರ ತಲೇಲಿ ಮಾತಿದೆ ಕಣೇ. ನಾಲಿಗೆಗೆ ಬರೋದು ತಡ, ಅಷ್ಟೇ. ಅಷ್ಟರೊಳಗೆ ನೀನು ಕಿತ್ಕೊಂಡುಬಿಡ್ತೀಯ."

ಮುಂದಿನ ಶನಿವಾರ ಅವಳು ದುಪಟ್ಟದ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಕೂತಳು.

"ಪೇ..." ಎಂದರು ತಾತ. ಹಣೆಯ ನರ ಉಬ್ಬಿತು. ಪೇಟೆ, ಪೇರಲೆ, ಪೇಸ್ಟು ಎಲ್ಲವೂ ಅವಳ ಹಲ್ಲಿನ ಹಿಂದೆ ನೂಕುನುಗ್ಗಲು ಮಾಡಿದವು. ನುಂಗಿಕೊಂಡಳು.

"ಪೇ... ಪರ್. ಏ... ಳು."

ಎದ್ದು ನೋಡಿದರೆ ಕೂತಿದ್ದದ್ದು ಅವರ ಪೇಪರಿನ ಮೇಲೆ! ಬಂದಾಗಲೆಲ್ಲ ಅದರ ಮೇಲೇ ಕೂರುತ್ತಿದ್ದಳು. ತಾತನ ತುಟಿ ಒಂದೇ ಕಡೆ ನಕ್ಕಿತು. ಅವಳು ನಾಚಿಕೆಯಿಂದ ಕೆಂಪಾಗಿ, ಆಮೇಲೆ ತಡೆಯಲಾರದೆ ಜೋರಾಗಿಯೇ ನಕ್ಕಳು.

ಆ ವರ್ಷ ಚರ್ಚಾಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ಎದುರಿನ ಹುಡುಗಿ ಹೇಳಿದ್ದನ್ನು ಕೊನೆಯವರೆಗೂ ಕೇಳಿದಳು. ಕೇಳಿದ ಮೇಲೆ ಆ ಹುಡುಗಿಯ ಮಾತೇ ಸರಿ ಅನ್ನಿಸಿಬಿಟ್ಟಿತು. ಗೆಳತಿಯರು ಬೇಕಾದಷ್ಟು ಗೇಲಿ ಮಾಡಿದರು. ಅವಳಿಗೂ ಒಂಚೂರು ಬೇಸರವಾಯಿತು, ಇಲ್ಲವೆಂದಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಅಮ್ಮ, "ನಂಗೆ ಒಂದು..." ಎಂದು ತಡೆದರು. ಮೊದಲಾಗಿದ್ದರೆ, "ಸೌಟು ತಾನೆ? ತಗೋ," ಎಂದು ಕೈಗಿಟ್ಟು ಹೊರಟುಬಿಡುತ್ತಿದ್ದಳು. ಈಗ ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಅಮ್ಮ ಅವಳ ಮುಖವನ್ನೇ ನೋಡಿದರು. ಒಲೆ ಸಣ್ಣ ಮಾಡಿದರು.

"ನಂಗೆ ಒಂದು ಆಸೆ ಕಣೇ. ಸ್ಕೂಟರ್ ಕಲೀಬೇಕು. ನಗಬೇಡ ಮತ್ತೆ."

"ಯಾವಾಗಿಂದ ಅಮ್ಮಾ?"

"ನೀನು ಹುಟ್ಟೋಕೆ ಮುಂಚಿನಿಂದ."

"ಒಂದ್ಸಲಾನೂ ಹೇಳ್ಲೇ ಇಲ್ವಲ್ಲ!"

"ಶುರು ಮಾಡಿದ್ದೆ," ಎಂದರು ಅಮ್ಮ, "ಎಷ್ಟೋ ಸಲ."

ಭಾನುವಾರ ಖಾಲಿ ಮೈದಾನದಲ್ಲಿ ಅಮ್ಮ ಸ್ಕೂಟರ್ ಏರಿದರು. ಸೀಟು ಹಿಡಿದು ಏದುಸಿರು ಬಿಡುತ್ತ ಮಗಳು ಹಿಂದೆ ಓಡಿದಳು. "ಬಿಟ್ಟೀಯ ಮತ್ತೆ!" ಎಂದು ಅಮ್ಮ ಕೂಗುತ್ತಲೇ ಇದ್ದರು. ಅಷ್ಟು ಹೊತ್ತಿಗೆ ಮಗಳು ಕೈ ಬಿಟ್ಟು, ಮೊಣಕಾಲು ಹಿಡಿದು ಮೈದಾನದ ನಡುವೆ ನಿಂತಾಗಿತ್ತು.