ಎರಡು ಕೈಯ ಹಲ್ಬೇರಾ

ಐಸ್‌ಲ್ಯಾಂಡಿನ ವೀಕ್ ಊರಿನಲ್ಲಿ ಗಾಳಿಗೆ ಹೆದರದವರೆಂದರೆ ಚರ್ಚಿನ ಹಿಂದೆ ಮಣ್ಣಿನಡಿ ಮಲಗಿದವರು ಮತ್ತು ನಿನ್ನೆಯಷ್ಟೇ ವಿಮಾನ ಇಳಿದ ಪ್ರವಾಸಿಗಳು. ಎರಡನೆಯವರು ಮೊದಲನೆಯವರ ಪಕ್ಕ ಸೇರದಂತೆ, ಅವರು ಬಾಡಿಗೆಗೆ ಒಯ್ದ ವ್ಯಾನಿನ ಬಾಗಿಲು ಹಾರಿಹೋಗದಂತೆ ನೋಡಿಕೊಳ್ಳುವುದು ಹಲ್ಬೇರಾಳ ಕೆಲಸ. ಮೀನಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮೀನಿನ ಹೊಟ್ಟೆ ಸೀಳಿ, ಒಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ನಡುವೆ ಒಬ್ಬ ಗಂಡನನ್ನು ಅವನ ತಾಯಿಯ ಮನೆಗೆ ವಾಪಸು ಕಳಿಸಿ, ಈಗ ಹನ್ನೊಂದು ವರ್ಷದಿಂದ ಅವಳು ತಂಗಿಯ ಮನೆಯವರ ಬಾಡಿಗೆ ವ್ಯಾನುಗಳ ಅಂಗಳದಲ್ಲಿ ನಿಂತಿದ್ದಾಳೆ. ಒಳಗೆ ಮಲಗಲು ಹಾಸಿಗೆ, ಅಡಿಗೆಗೆ ಒಲೆ, ಪಕ್ಕಕ್ಕೆ ಒಂದು ಹಗುರವಾದ ಬಾಗಿಲು ಇರುವ ಹನ್ನೆರಡು ವ್ಯಾನುಗಳು. ಮೂರು ವರ್ಷದಿಂದ ತಂಗಿಯ ಮಗ ಓರ್ವಾರ್ ಯಜಮಾನ. ಯಜಮಾನ ಎಂದು ಕಾಗದದಲ್ಲಿದೆ. ಅಂಗಳದಲ್ಲಿ ನಡೆಯುವುದು ಹಲ್ಬೇರಾಳ ಮಾತು.

ಕೀಲಿ ಕೊಡುವ ಮೊದಲು ಅವಳು ವಿಮೆಯ ಕಾಗದವನ್ನು ಮೇಜಿನ ಮೇಲೆ ಹರಡಿ, ಎದುರಿಗೆ ನಿಂತವನು ಯಾವ ದೇಶದವನಾದರೂ ಒಂದೇ ಪಾಠ ಒಪ್ಪಿಸುತ್ತಾಳೆ.

"ಬೆಂಕಿಬೆಟ್ಟದ ಬೂದಿ ಹಾರಿ ಬಂದು ಬಣ್ಣ ಕೆರೆದ್ರೆ ವಿಮೆ ಕೊಡತ್ತೆ. ಕಪ್ಪು ಮರಳು ಗಾಜು ಉಜ್ಜಿದ್ರೂ ಕೊಡತ್ತೆ. ಬೆಟ್ಟ ಸಿಡಿದು ಬಂದು ಬಾನೆಟ್ ಮೇಲೆ ಕೂತ್ರೂ ಏನೋ ಒಂದು ಕೊಡತ್ತೆ. ಗಾಳಿಗೆ ಬಾಗಿಲು ಕಿತ್ತುಹೋದ್ರೆ ಮಾತ್ರ ಕೊಡಲ್ಲ. ಯಾಕಂದ್ರೆ ಬೆಟ್ಟ ಸಿಡಿಯೋದು ದೇವರ ಕೈಲಿದೆ, ಬಾಗಿಲು ತೆಗೆಯೋದು ನಿಮ್ಮ ಕೈಲಿದೆ. ಎರಡೂ ಕೈಲಿ."

ಪಾಠ ಮುಗಿದ ಮೇಲೆ ಪರೀಕ್ಷೆ. ಗಿರಾಕಿ ಅಂಗಳಕ್ಕೆ ಬಂದು, ವ್ಯಾನಿನ ಮೂತಿ ಗಾಳಿಯ ಕಡೆ ತಿರುಗಿಸಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಅಂಚು ಹಿಡಿದು ಬಾಗಿಲು ತೆಗೆಯಬೇಕು. ಒಂದೇ ಕೈ ಹಾಕಿದವರಿಗೆ ಮೊದಲಿಂದ ಪಾಠ. ಒಬ್ಬ ಅಮೆರಿಕದ ವಕೀಲ ನಾಲ್ಕು ಸಲ ಫೇಲಾಗಿ ಕೊನೆಗೆ ಬಸ್ಸಿನಲ್ಲಿ ಹೋದ. ಇದೂ ಸಾಲದೆಂದು ಅವಳು ಪ್ರತಿ ಬಾಗಿಲಿನ ಮೇಲೂ ಹಳದಿ ಚೀಟಿ ಅಂಟಿಸಿದ್ದಳು: "ಬಾಗಿಲನ್ನು ಎರಡೂ ಕೈಯಿಂದ ತೆರೆಯಿರಿ. ಹಲ್ಬೇರಾ." ಹೆಸರು ಯಾಕೆ ಎಂದು ಓರ್ವಾರ್ ಕೇಳಿದ್ದಕ್ಕೆ, "ಯಾರು ಹೇಳಿದ್ದು ಅಂತ ಗೊತ್ತಿಲ್ದಿದ್ರೆ ಯಾರು ಕೇಳ್ತಾರೆ?" ಎಂದಿದ್ದಳು. ಊರಲ್ಲಿ ಅವಳಿಗೆ ಎರಡು ಕೈಯ ಹಲ್ಬೇರಾ ಎಂಬ ಹೆಸರು ಬಿದ್ದದ್ದು ಹೀಗೆ. ಅದು ಗೇಲಿ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಳಗೊಳಗೇ ಬಿರುದಿನಂತೆ ಇಟ್ಟುಕೊಂಡಿದ್ದಳು.

ಆ ಸೆಪ್ಟೆಂಬರಿನಲ್ಲಿ ಏಳನೇ ನಂಬರಿನ ವ್ಯಾನು ಒಯ್ದವರು ಯೋಪ್ ಮತ್ತು ವಿಲೆಮಿನ್ ಎಂಬ ಡಚ್ ಮುದುಕ ಮುದುಕಿ. ಬಾಗಿಲು ತೆಗೆಯುವುದರಲ್ಲಿ ಅಂಥ ಜೋಡಿಯನ್ನು ಹಲ್ಬೇರಾ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಮುದುಕಿ ಎರಡು ಕೈ ಹಾಕಿದರೆ ಮುದುಕ ಇನ್ನೆರಡು ಹಾಕುತ್ತಿದ್ದ, ಒಟ್ಟು ನಾಲ್ಕು. ಬುಧವಾರ ಮಧ್ಯಾಹ್ನ ವ್ಯಾನನ್ನು ಒಂದು ಗೀರೂ ಇಲ್ಲದೆ ತಂದೊಪ್ಪಿಸಿ, ಹಲ್ಬೇರಾಳ ಕೈ ಕುಲುಕಿ, ಬಸ್ಸು ಹತ್ತಿ ಹೋದರು. ವ್ಯಾನು ಸುಸ್ಥಿತಿಯಲ್ಲಿ ವಾಪಸು ಬಂತೆಂಬ ಫಾರಮ್ಮು ತುಂಬುವುದೊಂದು ಬಾಕಿ. ಆಮೇಲೆ ತುಂಬಿದರಾಯಿತು ಎಂದುಕೊಂಡಳು, ಯಾಕೆಂದರೆ ಅವಳಿಗೆ ಅವಸರವಿತ್ತು.

ಮಹಿಳಾ ಸಂಘದವರು ಪಕ್ಕದ ಊರಿನ ಚರ್ಚ್ ಹಾಲಿನಲ್ಲಿ ಕೇಕ್ ಮಾರಾಟ ಇಟ್ಟುಕೊಂಡಿದ್ದರು. ಹಲ್ಬೇರಾ ಬೆಳಿಗ್ಗೆಯೇ ದಾಂಪತ್ಯಸುಖ ಮಾಡಿಟ್ಟಿದ್ದಳು. ಓಟ್ಸಿನ ಹಿಟ್ಟು, ಮೇಲೆ ಹುಳಿ ರೂಬಾರ್ಬಿನ ಜಾಮು ಹಾಕಿ ಬೇಯಿಸುವ ಈ ಕೇಕಿಗೆ ಆ ನಾಡಿನಲ್ಲಿ ಇರುವ ಹೆಸರೇ ಅದು. ಗಂಡನನ್ನು ವಾಪಸು ಕಳಿಸಿದವಳು ಊರಿಗೆಲ್ಲ ದಾಂಪತ್ಯಸುಖ ಹಂಚುತ್ತಾಳೆ ಎಂದು ಸಂಘದವರು ಪ್ರತಿ ವರ್ಷ ನಗುತ್ತಿದ್ದರು, ಪ್ರತಿ ವರ್ಷ ಮೊದಲು ಖರ್ಚಾಗುತ್ತಿದ್ದದ್ದೂ ಅದೇ. ಅವಳ ಕಾರು ರಿಪೇರಿಗೆ ಹೋಗಿತ್ತು. ಏಳನೇ ವ್ಯಾನು ಕಣ್ಣೆದುರಿಗೇ ನಿಂತಿತ್ತು. ಹೋಗಿಬರಲು ಒಂದು ತಾಸು, ಯಾರಿಗೇನು ತಿಳಿಯುತ್ತದೆ?

ಮರಳುಬಯಲಿನ ನಡುವೆ, ಸೆಕೆಂಡಿಗೆ ಇಪ್ಪತ್ತೆಂಟು ಮೀಟರಿನ, ಅಂದರೆ ಗಂಟೆಗೆ ನೂರು ಕಿಲೋಮೀಟರಿನ ಗಾಳಿಯಲ್ಲಿ, ಹಿಂದುಗಡೆ ಕೇಕಿನ ತಗಡಿನ ಡಬ್ಬಿ ಜಾರಿ ಬಿದ್ದ ಸದ್ದಾಯಿತು. ಅವಳು ರಸ್ತೆ ಪಕ್ಕ ನಿಲ್ಲಿಸಿ, ಒಳಗಿನಿಂದಲೇ ಹಿಂದಕ್ಕೆ ಹೋಗಿ ನೋಡಿದಳು. ಕೇಕ್ ಸುಖವಾಗಿತ್ತು. ಈ ಸಲ ಮುಂದಿನ ಸೀಟಿನಲ್ಲೇ ಭದ್ರವಾಗಿಡೋಣ ಎಂದು ಡಬ್ಬಿಯನ್ನು ಎಡಗೈಯಲ್ಲಿ ಎತ್ತಿಕೊಂಡು, ಅದರೊಡನೆ ಸೀಟುಗಳ ಸಂದಿಯಲ್ಲಿ ನುಸುಳಲಾಗದೆ, ಬಲಗೈಯಿಂದ ಪಕ್ಕದ ಬಾಗಿಲು ತೆಗೆದಳು.

ಬಾಗಿಲು ಹೋಯಿತು. ಬಗ್ಗಲಿಲ್ಲ, ಮುರಿದು ನೇತಾಡಲಿಲ್ಲ, ಸುಮ್ಮನೆ ಹೊರಟುಹೋಯಿತು. ಹಳದಿ ಚೀಟಿ ಎರಡು ಸಲ ಆಕಾಶದಲ್ಲಿ ಮಿಂಚಿದ್ದು ಕಂಡಿತು. ಅದನ್ನು ಹಿಡಿಯಲೆಂದು ಎಡಗೈಯನ್ನೂ ಚಾಚಿದಳು, ದಾಂಪತ್ಯಸುಖವೂ ಹೋಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಇಲ್ಲಿ ತಿನ್ನಲಿಕ್ಕೂ ಏನೂ ಉಳಿಯಲಿಲ್ಲ.

ಹುಡುಕಲು ಇಳಿದರೆ ಕಣ್ಣಿಗೆ ಮರಳು. ವ್ಯಾನನ್ನು ತಂದು ಮೊದಲಿನ ಜಾಗದಲ್ಲೇ ನಿಲ್ಲಿಸಿ ಮನೆಗೆ ಹೋದಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ: ಚಳಿಗಾಲದ ನಡುವಿನ ಊರೂಟ. ಹುಳಿಯಲ್ಲಿ ನೆನೆಸಿದ ಕುರಿಯ ತಲೆ, ಕೊಳೆಸಿದ ಶಾರ್ಕ್ ಮೀನು ತಿಂದು ಮುಗಿಸಿದ ಮೇಲೆ ಆ ವರ್ಷ ಯಾರು ಯಾರು ಏನು ಎಡವಟ್ಟು ಮಾಡಿಕೊಂಡರು ಎಂಬುದನ್ನು ಊರವರೇ ನಾಟಕ ಕಟ್ಟಿ ಆಡುತ್ತಾರೆ. ಪಾದ್ರಿ ಕೆಸರಿಗೆ ಬಿದ್ದದ್ದು ಆರು ವರ್ಷವಾದರೂ ಅವನನ್ನು ಬಿಟ್ಟಿಲ್ಲ. ಎರಡು ಕೈಯ ಹಲ್ಬೇರಾ ಒಂದೇ ಕೈಯಲ್ಲಿ ಬಾಗಿಲು ತೆಗೆದಳು ಎಂದು ಗೊತ್ತಾದರೆ ಅವಳು ಸತ್ತ ಮೇಲೂ ಆ ನಾಟಕ ಆಡುತ್ತಾರೆ.

ಗುರುವಾರ ಬೆಳಿಗ್ಗೆ ಓರ್ವಾರ್ ವ್ಯಾನಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ನೋಡ್ದ್ಯಾ ದೊಡ್ಡಮ್ಮ? ಎಷ್ಟು ಸಾಧು ಥರ ಇದ್ರು ಆ ಮುದುಕರು. ಬಾಗಿಲು ಕಿತ್ಕೊಂಡು ಹೋಗಿದೆ, ಒಂದು ಮಾತು ಹೇಳಲಿಲ್ಲ. ಅವ್ರೇ ಅಲ್ವಾ?"

ಆ ನಾಡಿನವರಿಗೆ ಒಂದು ಅಭ್ಯಾಸವಿದೆ. ಹೌದು ಎನ್ನಬೇಕಾದರೆ ಉಸಿರನ್ನು ಒಳಗೆ ಎಳೆದುಕೊಳ್ಳುತ್ತಲೇ "ಯೌ" ಅನ್ನುತ್ತಾರೆ. ಹಲ್ಬೇರಾ ನಿಜ ಹೇಳಲಿಕ್ಕೆಂದೇ ಉಸಿರೆಳೆದುಕೊಂಡಳು. ಎಳೆಯುವಾಗ "ಯೌ" ಎಂಬ ಸದ್ದು ಹೊರಟಿತು. ಓರ್ವಾರಿಗೆ ಅಷ್ಟೇ ಸಾಕಾಯಿತು.

"ಸೋಮವಾರ ಕಾಗದ ಕಳಿಸ್ತೀನಿ ಅವ್ರಿಗೆ. ಬಾಗಿಲಿನ ಪೂರ್ತಿ ಬೆಲೆ ಕಟ್ಲಿ" ಎಂದು ಓರ್ವಾರ್ ಒಳಗೆ ಹೋದ.

ಕಟ್ಟಬೇಕಾದವರು ಯಾರು? ಅವಳ ಅತಿ ಒಳ್ಳೆಯ ಶಿಷ್ಯರು. ನಾಲ್ಕು ಕೈಯವರು. ಸಂಜೆ ಊರವರೆಲ್ಲ ಸೇರುವ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಾಗ ಯಾರೋ ಸುಮ್ಮನೆ "ಗಾಳಿ ಜೋರು" ಎಂದರೂ ಅವಳು ಬೆಚ್ಚಿ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಲ್ಲೇ ಅಂಚೆಯವನು ಸುದ್ದಿ ಹೇಳಿದ: "ಇಲ್ಲುಗಿ ಕುರಿದೊಡ್ಡಿಗೆ ಇನ್ನೊಂದು ಬಾಗಿಲು ಹಾಕಿದಾನೆ. ಶನಿವಾರದೊಳಗೆ ಮುಗಿಸ್ತೀನಿ ಅಂತಿದ್ದ."

ಇಲ್ಲುಗಿ ಅವಳ ಶಾಲೆಯ ಜೊತೆಗಾರ, ಬ್ರಹ್ಮಚಾರಿ ರೈತ. ಅವನ ಹೊಲ ಮರಳುಬಯಲಿನ ಅಂಚಿನಲ್ಲಿದೆ. ಗಾಳಿಯನ್ನು ಅಳೆಯಲು ಅವನ ಬಳಿ ಮೂರೇ ದರ್ಜೆ: ಕುರಿ ನಿಂತಿದೆ, ಕುರಿ ಕೂತಿದೆ, ಕುರಿ ಕಾಣಿಸುತ್ತಿಲ್ಲ. ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇಯ್ದ ಸುತ್ತಲಿನ ಎಲ್ಲ ಮನೆಗಳ ಕುರಿಗಳನ್ನು ಸೆಪ್ಟೆಂಬರಿನ ಒಂದು ಶನಿವಾರ ಅವನ ಹೊಲದ ದುಂಡು ದೊಡ್ಡಿಗೆ ಇಳಿಸಿ, ಕಿವಿಯ ಗುರುತು ನೋಡಿ, ಮನೆಗೊಂದರಂತೆ ಇರುವ ಕೋಣೆಗಳಿಗೆ ಬೇರ್ಪಡಿಸುತ್ತಾರೆ. ಹಳೆಯ ಮರದ ಬಾಗಿಲುಗಳು ಕೊಳೆತಂತೆಲ್ಲ ಇಲ್ಲುಗಿ ಹೊಲಕ್ಕೆ ಹಾರಿಬಂದ ವ್ಯಾನಿನ ಬಾಗಿಲುಗಳನ್ನೇ ಜೋಡಿಸುತ್ತ ಬಂದಿದ್ದ. ಐದಾಗಿದ್ದವು. ಶುಕ್ರವಾರ ಹಲ್ಬೇರಾ ಹೋಗಿ ನೋಡಿದಾಗ ಆರನೆಯದು ಹಳದಿ ಚೀಟಿಯ ಸಮೇತ ಲಕ್ಷಣವಾಗಿ ನಿಂತಿತ್ತು.

"ಇದು ನಮ್ಮ ವ್ಯಾನಿಂದು ಇಲ್ಲುಗಿ. ಬಿಚ್ಚಿಕೊಡು, ತಗೊಂಡು ಹೋಗ್ತೀನಿ."

"ಅದು ಹೇಗಾಗತ್ತೆ? ಸಮುದ್ರ ದಡಕ್ಕೆ ತಂದು ಹಾಕಿದ ಮರ ದಡದೋರಿಗೆ. ಸಾವಿರ ವರ್ಷದ ಕಾನೂನು."

"ಇದು ಮರ ಅಲ್ಲ. ಸಮುದ್ರ ತಂದೂ ಇಲ್ಲ."

"ಗಾಳಿ ತಂತು. ಗಾಳಿ ತಳ್ಳದೆ ಸಮುದ್ರ ಏನು ತರತ್ತೆ ಹೇಳು? ಅದು ಬರೀ ಕೂಲಿ" ಎಂದ ಇಲ್ಲುಗಿ. "ಗಾಳಿ ಬಂದಾಗ ತೂರ್ಕೋ ಅಂತಾರೆ. ತೂರ್ಕೊಂಡೆ."

"ಗುರುತು ಹಾಕಿದ ಮರ ಗುರುತಿನೋರಿಗೇ ಸೇರ್ಬೇಕು. ಅದೂ ಅದೇ ಕಾನೂನಲ್ಲಿದೆ. ನೋಡು, ನನ್ನ ಹೆಸರಿದೆ."

ಇಲ್ಲುಗಿ ಜೇಬಿನಿಂದ ಕನ್ನಡಕ ತೆಗೆದು, ಸ್ವೆಟರಿಗೆ ಒರೆಸಿ, ಚೀಟಿಯನ್ನು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ. ಎರಡು ಸಲ ಓದಿದ.

"ನಿನ್ನ ಗುರುತೇ ಕಣೇ. ಆದ್ರೆ ಗುರುತಿನೋರು ಹೇಗೆ ಕಳ್ಕೊಂಡ್ರು ಅಂತ ಹೇಳಿ ತಗೊಂಡು ಹೋಗ್ಬೇಕು. ಅದೂ ಕಾನೂನು."

"ಅದ್ಯಾವ ಕಾನೂನು?"

"ಅದು ನಂದು. ಹೇಳು, ಯಾರು ತೆಗೆದಿದ್ದು?"

"ಡಚ್ ಮುದುಕರು ಅಂತ ಓರ್ವಾರ್ ಹೇಳ್ತಾನೆ."

"ಓರ್ವಾರ್ ಹೇಳೋದು ನಾನು ಕೇಳ್ಲಿಲ್ಲ. ಆ ಮುದುಕರೇನಾ?"

ಹಲ್ಬೇರಾ ಉಸಿರೆಳೆದುಕೊಂಡು "ಯೌ" ಎಂದಳು.

"ಹಾಗಲ್ಲ. ಉಸಿರು ಹೊರಗೆ ಬಿಟ್ಟು ಹೇಳು."

ಅವಳು ಉಸಿರು ಬಿಟ್ಟಳು. ಉಸಿರಿನ ಜೊತೆ ಎಲ್ಲ ಬಂತು: ಕೇಕ್ ಮಾರಾಟ, ರಿಪೇರಿಗೆ ಹೋದ ಕಾರು, ಎಡಗೈ, ಬಲಗೈ, ನಾಲ್ಕು ಕೈಯ ಶಿಷ್ಯರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೆ ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಹಾಯೆನಿಸಿತು. ಇಲ್ಲುಗಿ ಕೊಟ್ಟಿಗೆಗೆ ಹೋಗಿ, ಚೆನ್ನಾಗಿ ತೊಳೆದ ಒಂದು ತಗಡಿನ ಡಬ್ಬಿ ತಂದು ಅವಳ ಕೈಗಿಟ್ಟ. ತಳದಲ್ಲಿ ಸಂಘದ ಪಾತ್ರೆಗಳೊಡನೆ ಬೆರೆಯದಿರಲೆಂದು ಅವಳೇ ಬರೆದ ಹೆಸರು.

"ಬಾಗಿಲಿನ ಹಿಂದೇನೇ ಬಂತು. ದಾಂಪತ್ಯಸುಖ ಚೆನ್ನಾಗಿತ್ತು. ಮರಳು ಒಂಚೂರು ಜಾಸ್ತಿ."

"ಬುಧವಾರದಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನೀನಾಗೇ ಬರ್ತೀಯಾ ಅಂತ ನೋಡ್ತಿದ್ದೆ. ಈಗ ಬಾಗಿಲು ಬೇಕಿದ್ರೆ ತಗೊಂಡು ಹೋಗು. ನಾನು ಬಾಯಿ ಬಿಡಲ್ಲ. ನಾಯಿನೂ ಬಿಡಲ್ಲ, ಅರ್ಧ ಕೇಕ್ ತಿಂದಿದ್ದು ಅದೇ."

ಹಲ್ಬೇರಾ ಲೆಕ್ಕ ಹಾಕಿದಳು. ಬಿಚ್ಚಿ ಒಯ್ದು ಕಡಲಿಗೆ ಎಸೆದರೆ ಅದು ಯಾವಾಗ ಹಾರಿಬಂತೆಂದು ನಾಳೆ ದೊಡ್ಡಿಯಲ್ಲಿ ಯಾರೂ ಕೇಳುವುದಿಲ್ಲ, ಊರೂಟದ ನಾಟಕವಿಲ್ಲ. ಆದರೆ ಸೋಮವಾರದ ಕಾಗದ ಹೋಗುತ್ತದೆ, ಮುದುಕಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಓದುತ್ತಾಳೆ. ಅದನ್ನು ನೆನೆದೇ ಅವಳ ಕಣ್ಣು ತುಂಬಿತು.

"ಇರ್ಲಿ ಬಿಡು. ನಾಳೆ ಕುರಿಗೆ ಬಾಗಿಲು ಬೇಕು" ಎಂದು ಖಾಲಿ ಡಬ್ಬಿ ಹಿಡಿದು ಮನೆಗೆ ಹೊರಟಳು.

ಶನಿವಾರ ದೊಡ್ಡಿಯಲ್ಲಿ ಎರಡು ಸಾವಿರ ಕುರಿಗಳು ಒಟ್ಟಿಗೆ ಅರಚುತ್ತಿದ್ದವು. ಓರ್ವಾರ್ ಒಂದು ಟಗರನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೊಂಬು ಹಿಡಿದಿದ್ದ. ಅವನು ಬಿಡಿಸಿಕೊಂಡು ಓಡಲಾರದ ಹೊತ್ತು ಇದೇ ಎಂದು ಹಲ್ಬೇರಾ ಹತ್ತಿರ ಹೋಗಿ ಹೇಳಿದಳು.

"ಏನಂದೆ ದೊಡ್ಡಮ್ಮ?"

ಇನ್ನೂ ಜೋರಾಗಿ ಹೇಳಿದಳು.

"ಕೇಳ್ತಿಲ್ಲ. ಕುರಿ ಕೂಗ್ತಿವೆ."

ಮೂರನೆಯ ಸಲ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ಹಾಕಿ ಕೂಗಿದಳು: "ಬಾಗಿಲು ತೆಗೆದಿದ್ದು ನಾನು. ಒಂದೇ ಕೈಲಿ." ಕುರಿಗಳು ಯಾಕೋ ಆ ಕ್ಷಣಕ್ಕೇ ಸುಮ್ಮನಾಗಿದ್ದವು. ಗೋಡೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಇಡೀ ಊರು ಇತ್ತ ತಿರುಗಿತು. ಓರ್ವಾರ್ ಟಗರನ್ನು ಬಿಟ್ಟುಬಿಟ್ಟ.

"ಒಂದೇ ಕೈಲಾ ದೊಡ್ಡಮ್ಮ?"

"ಒಂದೇ ಕೈಲಿ."

"ವಿಮೆ ಬರಲ್ಲ."

"ನಂಗೆ ಹೇಳ್ತೀಯೇನೋ? ಹನ್ನೊಂದು ವರ್ಷದಿಂದ ಹೇಳ್ತಿರೋಳು ನಾನು. ಸಂಬಳದಲ್ಲಿ ಹಿಡ್ಕೋ. ಆ ಡಚ್ಚರಿಗೆ ನೀನೇನೂ ಬರೀಬೇಡ, ನಾನು ಬರೀತೀನಿ."

ಅವಳು ಬರೆದದ್ದು ಒಂದು ಪ್ರಮಾಣಪತ್ರ. ಬಾಗಿಲು ತೆರೆಯುವುದರಲ್ಲಿ ಯೋಪ್ ಮತ್ತು ವಿಲೆಮಿನ್ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾರೆ ಎಂದು. ಯಾಕೆ ಬಂತೆಂದು ಅವರಿಗೆ ತಿಳಿಯದಿದ್ದರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಫೋಟೋ ಕಳಿಸಿದರು.

ಫೆಬ್ರವರಿಯ ಊರೂಟದಲ್ಲಿ ನಾಟಕ ಆಡಿದರು. ಓರ್ವಾರ್ ದೊಡ್ಡಮ್ಮನ ಸ್ವೆಟರ್ ಹಾಕಿಕೊಂಡು, ಬಲಗೈಯಲ್ಲಿ ಕೇಕಿನ ಡಬ್ಬಿ ಹಿಡಿದು ಹಲ್ಬೇರಾ ಆದ. ಇಲ್ಲುಗಿ ಬಾಗಿಲಾದ, ಹಾರಿಹೋಗುವಾಗ ಎರಡು ಮೇಜು ಉರುಳಿಸಿದ. ಜನ ಬಿದ್ದು ಬಿದ್ದು ನಕ್ಕರು. ಹಲ್ಬೇರಾ ಮೊದಲ ಸಾಲಿನಲ್ಲಿ ಮುಖ ಬಿಗಿದು ಕೂತಿದ್ದವಳು ತಡೆಯಲಾರದೆ ಎದ್ದು ನಿಂತಳು. ಕೆಸರಿಗೆ ಬಿದ್ದಿದ್ದ ಪಾದ್ರಿ ಮರುಕದಿಂದ ಅವಳ ಕಡೆ ನೋಡಿದ.

"ತಪ್ಪು ಕಣೋ ಓರ್ವಾರ್" ಎಂದಳು ಅವಳು. "ಕೇಕ್ ಇದ್ದಿದ್ದು ಎಡಗೈಲಿ. ಮೊದಲಿಂದ ಮಾಡು."