ಗಾಜಿನ ಗ್ಲಾಸಿನಲ್ಲಿ ಕುಡಿದ ಚಹಾ

ನನ್ನ ಚಿಕ್ಕಪ್ಪನ ಮಗಳು ನನಗಿಂತ ಆರು ವರ್ಷ ಚಿಕ್ಕವಳು. ಪಿಯುಸಿ ಮುಗಿಸಿ, ಔರಾದ ತಾಲ್ಲೂಕಿನ ನಮ್ಮೂರಿನಲ್ಲೇ ಹೊಲಿಗೆ ಮಾಡಿಕೊಂಡಿದ್ದಾಳೆ. ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕ, ಮನೆ ಮಾಡಿರುವುದು ಬೀದರಿನಲ್ಲಿ. ನಮ್ಮ ಓಣಿಯಲ್ಲಿ ಮೊದಲು ಎಂ.ಎ. ಮಾಡಿದವನು ನಾನೇ.

ಓಣಿಯ ಹುಡುಗಿಯರು ಎಂಟನೆಯ ತರಗತಿಗೇ ಓದು ಬಿಡುತ್ತಿದ್ದರು. ಹೈಸ್ಕೂಲು ಇದ್ದದ್ದು ಪಕ್ಕದ ಊರಿನಲ್ಲಿ. ಬಸ್ಸು ಊರ ನಡುವೆ ತುಂಬಿಕೊಂಡು, ನಮ್ಮ ಓಣಿಯ ಮುಂದೆ ನಿಲ್ಲದೆ ಹೋಗಿಬಿಡುತ್ತಿತ್ತು. ಒಂದು ಬೆಳಿಗ್ಗೆ ತಂಗಿ ಆ ಹುಡುಗಿಯರನ್ನು ಕರೆದುಕೊಂಡು ಹೋಗಿ ರಸ್ತೆಯ ನಡುವೆಯೇ ನಿಂತಳಂತೆ. ಡ್ರೈವರ್ ಹಾರ್ನ್ ಹೊಡೆದ, ಬೈದ, ಇವಳು ಕದಲಲಿಲ್ಲ. ಎಂಟು ದಿನ ಹೀಗೇ ನಿಂತ ಮೇಲೆ ಅಲ್ಲೊಂದು ಸ್ಟಾಪು ಆಯಿತು. ಸಂಜೆ ಬುದ್ಧವಿಹಾರದಲ್ಲಿ ಅವರನ್ನು ಓದಲು ಕೂರಿಸುತ್ತಿದ್ದಳು. ಗಣಿತವನ್ನು ತಾನೇ ಮತ್ತೆ ಕಲಿತು ಹೇಳಿಕೊಟ್ಟಳು. ಇಂಗ್ಲಿಷ್ ಮಾತ್ರ ಅವಳ ಕೈಲಾಗಲಿಲ್ಲ.

“ಅಣ್ಣಾ, ಒಂದು ಐತವಾರ ಬಂದು ಹೋಗು. ಹುಡುಗೇರು ಇಂಗ್ಲಿಷಿಗೆ ಭಾಳ ಅಂಜ್ತಾವ,” ಎಂದು ಫೋನ್ ಮಾಡುತ್ತಿದ್ದಳು.

ಭಾನುವಾರ ಪೇಪರ್ ತಿದ್ದುವುದಿದೆ ಎಂದೆ, ಮಗನಿಗೆ ಜ್ವರ ಎಂದೆ. ಮೂರು ಸಲ ತಪ್ಪಿಸಿಕೊಂಡು ನಾಲ್ಕನೆಯ ಸಲ ಹೋದೆ.

ಬಸ್ಸಿನಿಂದ ಇಳಿದಾಗ ತಂಗಿ ಮೂವರು ಹುಡುಗಿಯರ ಜೊತೆ ಕಾಯುತ್ತಿದ್ದಳು. ಎದುರಿಗೇ ಚಹಾದ ಹೋಟೆಲು. ನಾನು ಚಿಕ್ಕವನಿದ್ದಾಗ ಅಲ್ಲಿ ನಮ್ಮವರ ಗ್ಲಾಸುಗಳು ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿದ್ದವು. ಕುಡಿದವರೇ ತೊಳೆದು ಇಡಬೇಕು. ಈಗ ಗೂಡು ಮುಚ್ಚಿದ್ದರು.

“ಅರೆ, ಬರ್ರಿ ಸರ್, ಒಳಗ ಕುಂದರ್ರಿ,” ಎಂದು ಹೋಟೆಲಿನವನು ಹೆಗಲ ಮೇಲಿನ ಟವೆಲಿನಿಂದ ಬೆಂಚು ಒರೆಸಿದ. ಗಾಜಿನ ಗ್ಲಾಸು ತುಂಬಿ ನನ್ನ ಕೈಗೆ ಕೊಟ್ಟ. ಹೊರಗೆ ನಿಂತಿದ್ದ ತಂಗಿಗೆ, ಹುಡುಗಿಯರಿಗೆ ಕಾಗದದ ಕಪ್ಪು. ಒಳಗೆ ಕೂತಿದ್ದ ಎಲ್ಲರ ಕೈಯಲ್ಲೂ ಗಾಜಿನ ಗ್ಲಾಸೇ ಇತ್ತು.

ತಂಗಿ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. “ನಮ್ಮ ಅಣ್ಣಗ ಗ್ಲಾಸಿನ್ಯಾಗ ಕೊಟ್ರಿ. ನಮಗೂ ಹಂಗೇ ಕೊಡ್ರಿ, ಕಾಕಾ.”

“ಅವರು ಸರ್ ಆಗ್ಯಾರವ್ವ, ದೊಡ್ಡ ಮನಷ್ಯಾರು. ನೀವ್ ಸುಮ್ನ ಕುಡೀರಿ,” ಎಂದ ಅವನು.

ಎಲ್ಲರೂ ನನ್ನ ಕಡೆ ನೋಡಿದರು. ಗ್ಲಾಸು ಕೆಳಗಿಟ್ಟು ಎದ್ದು ಬಂದಿದ್ದರೆ ಸಾಕಿತ್ತು. ನಾನು ಹೇಳಿದ್ದೇ ಬೇರೆ: “ಇರ್ಲಿ ಬಿಡವ್ವ, ಒಂದು ಚಾಕ್ಕ ಯಾಕ ಜಗಳ?”

ಹೇಳಿ, ಪೂರ್ತಿ ಕುಡಿದೆ. ಜಗಳಕ್ಕೆ ಹೆದರಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಗ್ಲಾಸು ಕೈಗೆ ಬಂದಾಗ ನನಗೆ ಖುಷಿಯಾಗಿತ್ತು. ಅಪ್ಪನಿಗೆ ಸಿಗದ ಬೆಂಚಿನ ಮೇಲೆ ನಾನು ಕೂತಿದ್ದೆ, ತಂಗಿ ಹೊರಗೆ ನಿಂತಿದ್ದಾಳೆ ಎಂಬುದು ಆ ಗಳಿಗೆಗೆ ನನಗೆ ದೊಡ್ಡದಾಗಿ ಕಾಣಲಿಲ್ಲ.

ಅವತ್ತು ಎರಡು ತಾಸು ವ್ಯಾಕರಣ ಹೇಳಿಕೊಟ್ಟೆ. ಹುಡುಗಿಯರು ತಲೆ ಎತ್ತದೆ ಬರೆದುಕೊಂಡರು. ಬಸ್ಸು ಹತ್ತಿಸುವಾಗ ತಂಗಿ, “ಹುಷಾರ್ ಹೋಗು,” ಎಂದಳು. ಅಷ್ಟೇ.

ಮುಂದಿನದು ಅವ್ವ ಫೋನಿನಲ್ಲಿ ಹೇಳಿ ತಿಳಿಯಿತು. ಮರುದಿನದಿಂದ ತಂಗಿ ಮತ್ತು ಹೊಲದ ಕೂಲಿ ಮುಗಿಸಿ ಬಂದ ಓಣಿಯ ಹೆಂಗಸರು ಹೋಟೆಲಿನ ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಗ್ಲಾಸಿನಲ್ಲಿ ಚಹಾ ಕೇಳುವುದು, ಕೊಡದಿದ್ದರೆ ಕುಡಿಯದೆ ಎದ್ದು ಬರುವುದು. ಹೋಟೆಲಿನವನು ನಾಲ್ಕು ದಿನ ಅಂಗಡಿಯನ್ನೇ ಮುಚ್ಚಿದ. ತೆರೆದ ದಿನ ಇವರು ಮತ್ತೆ ಹೋದರು. ತಿಂಗಳ ಮೇಲಾಗಿತ್ತು. ಒಂದು ಸಂಜೆ ಹೋಟೆಲಿನವನ ಸೊಸೆ ತಾನೇ ಗಾಜಿನ ಗ್ಲಾಸುಗಳಲ್ಲಿ ಚಹಾ ತುಂಬಿ, ತಟ್ಟೆಯಲ್ಲಿಟ್ಟುಕೊಂಡು ಬೆಂಚಿನ ಬಳಿಗೆ ಬಂದಳಂತೆ. ಅವಳ ಜಂಪರುಗಳನ್ನು ಹೊಲಿಯುವುದು ನನ್ನ ತಂಗಿಯೇ. ಮಾವ ನೋಡುತ್ತಿದ್ದಂತೆಯೇ ಒಬ್ಬೊಬ್ಬರ ಕೈಗೂ ಕೊಟ್ಟಳು. ಆಮೇಲೆ ಅವನೂ ಗ್ಲಾಸು, ಕಪ್ಪು ಎಂದು ಬೇರೆ ಮಾಡಲಿಲ್ಲ.

ಇಷ್ಟೆಲ್ಲ ನಡೆಯುವಾಗ ತಂಗಿ ನನಗೊಂದು ಫೋನೂ ಮಾಡಲಿಲ್ಲ.

ಕರೆಯದೆಯೇ ಊರಿಗೆ ಹೋದೆ. ಅವಳು ಮಷಿನ್ನಿನ ಮುಂದೆ ಕೂತಿದ್ದಳು. ತಪ್ಪಾಯಿತು ಎಂದೆ. ಮಷಿನ್ನು ನಿಲ್ಲಿಸದೆ ಹೇಳಿದಳು: “ನನಗ ಯಾಕ ಹೇಳ್ತಿ ಅಣ್ಣಾ? ಆ ಹುಡುಗೇರ ಮುಂದ ಹೇಳು. ಅವು ನೋಡ್ಯಾವ.”

ಸಂಜೆ ವಿಹಾರದಲ್ಲಿ ಹುಡುಗಿಯರ ಮುಂದೆ ಹೇಳಿದೆ. ಖುಷಿಯಾಗಿತ್ತು ಎಂಬುದನ್ನೂ ಬಿಡಲಿಲ್ಲ. ಅವತ್ತು ಹೊರಗೆ ನಿಂತಿದ್ದವರಲ್ಲಿ ಒಬ್ಬಳು ಕೇಳಿದಳು: “ಸರ್, ನೀವ್ ಗ್ಲಾಸ್ ಕೆಳಗ ಇಟ್ಟಿದ್ರ ಏನ್ ಆಗ್ತಿತ್ರಿ?”

“ನನಗೇನೂ ಆಗ್ತಿರಲಿಲ್ಲವ್ವ.”

ಅವಳು ಪುಸ್ತಕ ತೆರೆದು, “ಪಾಠ ಸುರು ಮಾಡ್ರಿ,” ಎಂದಳು.

ಈಗ ಐತವಾರ ತಪ್ಪಿಸುವುದಿಲ್ಲ. ಹಾಗೆಂದು ನಾನು ಪೂರ್ತಿ ಬದಲಾದೆ ಎಂದು ಹೇಳಲಾರೆ. ಬೀದರಿನ ನಮ್ಮ ಕಾಲೊನಿಯಲ್ಲಿ ಯಾರಾದರೂ “ನೀವು ಯಾವ ಪೈಕಿ?” ಎಂದರೆ “ಔರಾದ ಕಡೆಯವರು” ಎಂದು ಜಾರಿಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ಮೊನ್ನೆ ಪಕ್ಕದ ಮನೆಯವರು, ಐತವಾರ ಎಲ್ಲಿ ಹೋಗ್ತೀರಿ ಎಂದು ಕೇಳಿದರು. “ಊರಿಗ್ರಿ,” ಎಂದೆ. ಏನು ಕೆಲಸ ಎಂದರು. ಬುದ್ಧವಿಹಾರ ಎನ್ನುವ ಮಾತು ಬಾಯಿಗೆ ಬಂದಿತ್ತು. “ಹೊಲ ಅದರಿ,” ಎಂದು ಒಳಗೆ ಬಂದೆ. ನಮಗೆ ಹೊಲವಿಲ್ಲ.