ಸಾರಮ್ಮನ ಪೆಟ್ಟಿಗೆಯ ಪತಂಗ

ವಾಮಂಜೂರಿನ ನಮ್ಮ ಬಾಡಿಗೆಮನೆಯ ಕೆಳಗಿನ ಅಂತಸ್ತಿನಲ್ಲಿ ಸಾರಮ್ಮ ಒಬ್ಬರೇ ಇರುವುದು. ಬಜಪೆಗೆ ಇಳಿಯುವ ವಿಮಾನದ ಸದ್ದು ಕೇಳಿದರೆ ಈಗಲೂ ತಲೆಯ ಶಾಲು ಸರಿಮಾಡಿಕೊಳ್ಳುತ್ತಾರೆ. ಗಂಡ ಹಸೈನಾರ್ ಕುವೈತಿನ ಅಂಗಡಿಯೊಂದರಲ್ಲಿ ಇದ್ದವರು. ತೀರಿಕೊಂಡಾಗ ದಫನವೂ ಅಲ್ಲೇ ಆಯಿತು. ಊರಿಗೆ ಬಂದದ್ದು ಒಂದು ಪೆಟ್ಟಿಗೆ, ಅದರೊಳಗೆ ಅಲ್ಲಿಯ ಚಳಿಗೆ ಹಾಕುತ್ತಿದ್ದ ಉಣ್ಣೆಯ ಸ್ವೆಟರ್. ಸಾರಮ್ಮ ಅದನ್ನು ಒಗೆಯಲೇ ಇಲ್ಲ. ಮುಖ ಒತ್ತಿಕೊಂಡರೆ ಅವರ ಬೆವರು, ಅತ್ತರು ಎರಡೂ ಸಿಗುತ್ತವೆ ಎನ್ನುತ್ತಿದ್ದರು. ಹೋಗಿ ನಿಲ್ಲಲು ಇಲ್ಲಿ ಗೋರಿ ಇಲ್ಲವಲ್ಲ.

ನನ್ನ ಮಗು ಶೋಭಿತ್‌ಗೆ ಉಬ್ಬಸ. ಒಂದು ಹುಳ ಹಾರಿದರೂ ಅದರ ರೆಕ್ಕೆಯ ಧೂಳಿಗೆ ಅವನ ಉಸಿರು ಕಟ್ಟೀತೆಂದು ನನಗೆ ಹೆದರಿಕೆ. ಈ ಸಲ ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಸಾರಮ್ಮನ ಕೋಣೆಯ ಗೋಡೆಯಲ್ಲಿ ಪುಟ್ಟ ಪತಂಗ ಕಂಡದ್ದೇ ಅವನನ್ನು ಎತ್ತಿಕೊಂಡೆ.

"ಅದು ಅಕ್ಕಿಯದ್ದು ಮಾರಾಯ್ತಿ. ನಿನ್ನ ಮಗುವನ್ನು ಹೊತ್ತುಕೊಂಡು ಹೋಗ್ಲಿಕ್ಕೆ ಅದೆಂತ ಹದ್ದಾ?" ಎಂದು ಸಾರಮ್ಮ ನಕ್ಕರು.

ನನಗೆ ಸಮಾಧಾನವಾಗಲಿಲ್ಲ. ಅಕ್ಕಿಯ ಪತಂಗ ಬೂದು ಬಣ್ಣದ್ದು, ದೀಪ ಕಂಡರೆ ಹಾರಿ ಬರುತ್ತದೆ. ಇದು ಅಕ್ಕಿಕಾಳಿನಷ್ಟೇ ಉದ್ದ, ಒಣಹುಲ್ಲಿನಂಥ ಹೊಂಬಣ್ಣ. ರೆಕ್ಕೆಯಲ್ಲಿ ಒಂದು ಚುಕ್ಕೆಯೂ ಇಲ್ಲ, ಅಂಚಿಗೆ ನವಿರಾದ ಕುಚ್ಚು, ನೆತ್ತಿಯ ಮೇಲೆ ಕೆಂಚು ಕೂದಲಿನ ಜುಟ್ಟು. ಮೊಬೈಲಿನ ಟಾರ್ಚ್ ಬಿಟ್ಟೆ. ಹಾರದೆ ಕತ್ತಲಿಗೆ ಓಡಿತು, ಮಂಚದಡಿಯ ಪೆಟ್ಟಿಗೆಯ ಸಂದಿಗೆ. ಮೊಬೈಲಿನಲ್ಲೇ ಹುಡುಕಿದೆ. ಚಿತ್ರ ಸಿಕ್ಕಿತು.

"ಸಾರಮ್ಮ, ಇದು ಉಣ್ಣೆಯದ್ದು. ಇದರ ಮರಿಗಳಿಗೆ ಬೆವರು ಹಿಡಿದ ಬಟ್ಟೆಯೇ ಆಗ್ಬೇಕಂತೆ."

ಅವರ ನಗು ನಿಂತಿತು. ಪೆಟ್ಟಿಗೆ ಎಳೆದು ತೆರೆದರು. ಸ್ವೆಟರಿನ ಕಂಕುಳು, ಕುತ್ತಿಗೆಪಟ್ಟಿ, ಬೆವರು ಕೂತಲ್ಲೆಲ್ಲ ತೂತು. ಬಲೆಯಂಥ ಎಳೆಗಳ ನಡುವೆ ಬಿಳಿ ಹುಳಗಳು.

"ಒಗೀದೆ ಇಟ್ಟದ್ದಕ್ಕೇ ಬಂತಾ?"

"ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದ್ರೆ ಉಳೀತದೆ," ಎಂದೆ.

"ಎಂತ ಉಳೀತದೆ? ಉಣ್ಣೆಯಾ?"

ಹುಳಗಳನ್ನು ಕೊಡವಿ ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡರು. ಎಷ್ಟೋ ಹೊತ್ತಿನ ಮೇಲೆ ನನ್ನತ್ತ ಚಾಚಿದರು. "ನೋಡು, ಉಂಟಾ?"

ನನ್ನ ಮೂಗಿಗೆ ಬಂದದ್ದು ಬರೀ ಧೂಳು. "ಉಂಟು," ಎಂದೆ.

"ಅವರನ್ನು ನೋಡಿಯೇ ಇಲ್ಲ ನೀನು. ಅವರ ವಾಸನೆ ನಿನಗೆ ಹೇಗೆ ಗೊತ್ತು, ಮಗಾ?"

ಸಿಟ್ಟಿನಿಂದ ಹೇಳಿದ್ದಲ್ಲ. ಅಷ್ಟರಲ್ಲಿ ಶೋಭಿತ್ ಕೆಮ್ಮಿದ. ಸಾರಮ್ಮ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದುಹೋಗಿ ಬಕೆಟಿಗೆ ಬಿಸಿನೀರು ಬಿಟ್ಟರು.

ಸ್ವೆಟರ್ ಮುಳುಗಲಿಲ್ಲ. ಒಳಗೆ ಗಾಳಿ ತುಂಬಿ ಎದೆಯ ಭಾಗ ಉಬ್ಬಿ ಮೇಲೆದ್ದಿತು. ಅವರು ಎರಡೂ ಅಂಗೈ ಅದರ ಮೇಲಿಟ್ಟು, ಕೊನೆಯ ಗುಳ್ಳೆ ಹೋಗುವವರೆಗೆ ಮೆಲ್ಲಗೆ ಅದುಮಿ ಹಿಡಿದರು.